ಜ್ವರವೇ ಇರದ ಡೆಂಗ್ಯೂ

ಶಿವಕಾಂತಾಳ ಬಾಯಿಗೆ ಹೆದರದವರು ನಮ್ಮ ಭಾಗದಲ್ಲಿ ಕಡಿಮೆ. ಪುಣೆಯ ಖಡಕಿ ಬಜಾರಿನ ಹಿಂದೆ ರೈಲು ಹಳಿಗೆ ಅಂಟಿಕೊಂಡಿರುವ ಕೂಲಿಕಾರರ ವಸ್ತಿಯಲ್ಲಿ ಅವಳ ಮನೆ. ಊರು ಯಾದಗಿರಿ ಕಡೆಯ ಒಂದು ಹಳ್ಳಿ. ಮದುವೆಯಾದ ವರ್ಷವೇ ಗಂಡ ಅಂಬಾರಾಯನ ಜೊತೆ ಪುಣೆಗೆ ಬಂದು ಕಟ್ಟಡದ ಕೆಲಸಕ್ಕೆ ನಿಂತವಳು. ಮೊದಲು ಇಟ್ಟಿಗೆ ಹೊತ್ತಳು. ಆಮೇಲೆ ಮಾಳಿಗೆ ಸೋರದಂತೆ ಗಿಲಾವು ಮಾಡುವುದನ್ನು ಕಲಿತಳು. ನನಗೆ ಅವಳ ಪರಿಚಯವಾದದ್ದೂ ಹಾಗೆಯೇ. ಕಾರ್ಖಾನೆಯಿಂದ ನಿವೃತ್ತನಾಗಿ ನಾನು ಕಟ್ಟಿಸಿದ ಮನೆ ಮೊದಲ ಮಳೆಗೇ ಸೋರಿತು. ದುರಸ್ತಿಗೆ ಬಂದವಳು ಮಾಳಿಗೆಯ ಮೇಲೆ ಒಂದು ಸುತ್ತು ಹಾಕಿ, "ಇದನ್ನ ಮಾಡಿದಂವ ಯಾಂವರೀ? ಕರೀರಿ ಅವನ್ನ ಇಲ್ಲಿ" ಎಂದು ನನ್ನ ಮೇಲೆಯೇ ಹರಿಹಾಯ್ದಳು. ಬೇರೆಯವರು ಹಾಳು ಮಾಡಿದ್ದನ್ನು ಕಂಡರೆ ಅವಳಿಗೆ ತಡೆಯಲಾಗುತ್ತಿರಲಿಲ್ಲ.

ಅವಳ ಸಿಟ್ಟಿಗೆ ನಿಜವಾದ ಕಾರಣ ಸಿಕ್ಕಿದ್ದು ೨೦೨೧ರಲ್ಲಿ. ಆ ವರ್ಷದ ಬೇಸಿಗೆಯಲ್ಲಿ ಅಂಬಾರಾಯ ಕೊರೊನಾದಿಂದ ಸತ್ತ. ಆಕ್ಸಿಜನ್ ಇರುವ ಒಂದು ಹಾಸಿಗೆ ಹುಡುಕುತ್ತ ಆಟೊದಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ತಿರುಗುವಾಗಲೇ, ಹೆಂಡತಿಯ ಹೆಗಲ ಮೇಲೆ ತಲೆಯಿಟ್ಟು ಅವನು ಉಸಿರು ನಿಲ್ಲಿಸಿದ. ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ. ಲಸಿಕೆ ಎಲ್ಲರಿಗೂ ಸಿಗತೊಡಗಿದಾಗ ಮಾತ್ರ ವಸ್ತಿಯ ಬಾಗಿಲು ಬಾಗಿಲು ಬಡಿದು, "ನನ್ನ ಗಂಡಗ ಇದು ಸಿಗಲಿಲ್ಲ. ನಿಮಗ ಸಿಗಲಾಕತ್ತದ. ನಡೀರಿ!" ಎಂದು ಜನರನ್ನು ಎಬ್ಬಿಸಿಕೊಂಡು ಹೋದಳು.

ಹಾಗೆ ಅವಳು ಎಳೆದುಕೊಂಡು ಹೋದವರಲ್ಲಿ ಅವಳ ತಮ್ಮ ಜೈಭೀಮನೂ ಒಬ್ಬ. ತಂದೆ-ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅವಳೇ. ಮಕ್ಕಳಿಲ್ಲದ ಅವಳಿಗೆ ಇದ್ದ ಒಂದು ಜೀವ. ಐಟಿಐ ಓದಿಸಿದ್ದಳು. ಅವನು ಪುಣೆ ಜಿಲ್ಲೆಯ ಶಿರೂರಿನ ಹತ್ತಿರ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಲೇಥ್ ಮಶೀನು ನಡೆಸುತ್ತ, ಅಲ್ಲಿಯೇ ಗೆಳೆಯರ ಜೊತೆ ಕೋಣೆ ಹಿಡಿದಿದ್ದ. ಸೂಜಿಯೆಂದರೆ ಹೆದರುವವನು. ಒಂದು ಭಾನುವಾರ ಅಕ್ಕನ ಮನೆಗೆ ಊಟಕ್ಕೆಂದು ಬಂದವನನ್ನು, ಊಟಕ್ಕೆ ಮೊದಲೇ ಪಾಲಿಕೆಯ ಶಾಲೆಯಲ್ಲಿದ್ದ ಲಸಿಕೆ ಕೇಂದ್ರಕ್ಕೆ ಕರೆದೊಯ್ದು ಸಾಲಿನಲ್ಲಿ ನಿಲ್ಲಿಸಿದಳು. ಚುಚ್ಚುಮದ್ದು ಹಾಕಿದ ನರ್ಸು ಒಂದು ಜ್ವರದ ಮಾತ್ರೆ ಕೊಟ್ಟು, ಮೈಕೈ ನೋವಾದರೆ ನುಂಗಲು ಹೇಳಿದರು. ಅಷ್ಟೇ. ಅವನು ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ಸಂಜೆಯ ಎಸ್‌ಟಿ ಬಸ್ಸಿಗೆ ಶಿರೂರಿಗೆ ಹೋದ.

ಮರುದಿನ ತುಸು ಜ್ವರ ಬಂತು, ಹೋಯಿತು. ವಾರ ಕಳೆದ ಮೇಲೆ ತಲೆನೋವು ಶುರುವಾಯಿತು. ಮಲಗಿದರೆ ಹೆಚ್ಚು, ಎದ್ದು ಕೂತರೆ ಸ್ವಲ್ಪ ಕಡಿಮೆ. ಶಿರೂರಿನ ದವಾಖಾನೆಯಲ್ಲಿ ಪಿತ್ತ ಎಂದು ಹೇಳಿ ಒಂದು ಇಂಜೆಕ್ಷನ್ ಕೊಟ್ಟರು. ಮತ್ತೆ ಹೋದಾಗ ಕಣ್ಣಿನ ದೋಷವಿರಬಹುದು, ಕನ್ನಡಕ ನೋಡಿಸಿಕೋ ಎಂದರು. ವಾಂತಿ ಶುರುವಾಯಿತು. ಎದುರಿಗಿರುವುದು ಎರಡೆರಡಾಗಿ ಕಾಣತೊಡಗಿತು. ಗೆಳೆಯರು ಅವನನ್ನು ಒಂದು ಸಣ್ಣ ನರ್ಸಿಂಗ್ ಹೋಮಿಗೆ ಸೇರಿಸಿ ಅಕ್ಕನಿಗೆ ಫೋನು ಮಾಡಿದರು.

ಶಿವಕಾಂತಾ ಹೋದಾಗ ಅಲ್ಲಿ ಮಂಚಗಳೆಲ್ಲ ತುಂಬಿ, ವರಾಂಡದಲ್ಲೂ ರೋಗಿಗಳು ಮಲಗಿದ್ದರು. ಮಳೆಗಾಲ, ಊರ ತುಂಬ ಡೆಂಗ್ಯೂ. ಜೈಭೀಮನ ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ತೀರ ಕೆಳಗಿಳಿದಿತ್ತು. ರಕ್ತ ನಿಲ್ಲಲು ಬೇಕಾಗುವ ಆ ಕಣಗಳು ಕಡಿಮೆಯಾದವೆಂದರೆ ಆ ದಿನಗಳಲ್ಲಿ ಶಿರೂರಿನಲ್ಲಿ ಯಾರೂ ಮುಂದೆ ಯೋಚಿಸುತ್ತಿರಲಿಲ್ಲ.

"ಡೆಂಗ್ಯೂ ಆಹೇ, ತಾಈ," ಎಂದರು ಡಾಕ್ಟರು.

"ಆದರೆ ಅವನಿಗೆ ಜ್ವರವೇ ಇಲ್ಲವಲ್ಲ?" ಎಂದು ಅವಳು ಮರಾಠಿಯಲ್ಲಿಯೇ ಕೇಳಿದಳು.

"ಕೆಲವರಿಗೆ ಜ್ವರ ಬಂದು ಹೋಗಿರುತ್ತದೆ."

ಡೆಂಗ್ಯೂ ಪರೀಕ್ಷೆ ಮಾಡಿಸಿದರು. ಇಲ್ಲ ಎಂದು ಬಂತು. ಒಮ್ಮೊಮ್ಮೆ ಹಾಗೆ ಬರುತ್ತದೆ ಎಂದರು. ಶಿವಕಾಂತಾಳಿಗೆ ತನ್ನದೇ ಒಂದು ಅನುಮಾನವಿತ್ತು. ಕಾರ್ಖಾನೆಯಲ್ಲಿ ಬಳಸುವ ಎಣ್ಣೆಯ ಹೊಗೆ ತಮ್ಮನ ತಲೆಗೇರಿದೆಯೆಂದು ಅವಳು ನಂಬಿದ್ದಳು. ಡಾಕ್ಟರಿಗೂ ಅದನ್ನೇ ಹೇಳಿ ಜಗಳ ತೆಗೆದಳು, ಸೂಪರ್‌ವೈಸರನಿಗೆ ಫೋನು ಹಚ್ಚಿ ಬೈದಳು. ಲಸಿಕೆಯ ನೆನಪು ಅವಳಿಗೆ ಬರಲೇ ಇಲ್ಲ. ಜ್ವರ ಬಂದು ಹೋಗಿ ಮುಗಿದ ವಿಷಯ ಅದು. ಅವಳಿಗೆ ನೆನಪಾಗದಿದ್ದುದರಲ್ಲಿ ವಿಶೇಷವಿಲ್ಲ. ಕೇಳಬೇಕಾದವರು ಯಾರೂ ಕೇಳಲಿಲ್ಲವೆಂಬುದೇ ವಿಶೇಷ.

ಪುಣೆಯಿಂದ ಪ್ಲೇಟ್‌ಲೆಟ್ ಚೀಲ ತರಿಸಿ ಏರಿಸಿದರು. ಪಕ್ಕದ ಮಂಚದವಳು ಪಪ್ಪಾಯಿ ಎಲೆಯ ರಸ ಕುಡಿಸಲು ಹೇಳಿದಳು, ಅದನ್ನೂ ಕುಡಿಸಿದರು. ತಲೆನೋವು ಹೆಚ್ಚಾಯಿತು. ಅವನು ಅಕ್ಕನ ಸೆರಗು ಹಿಡಿದು, "ಅಕ್ಕಾ, ತಲ್ಯಾಗ ಯಾರೋ ಗ್ವಾಡಿ ಒಡಿಲಾಕತ್ತಾರ" ಎಂದು ನರಳಿದ. ಮರುದಿನ ಬೆಳಗಿನ ಚಹಾದ ಲೋಟ ಅವನ ಬಲಗೈಯಿಂದ ಜಾರಿ ಬಿತ್ತು. ಬೈಯಲೆಂದು ತಿರುಗಿದ ಶಿವಕಾಂತಾ ನೋಡುತ್ತಿದ್ದಂತೆಯೇ ಅವನ ಬಾಯಿ ಒಂದು ಕಡೆ ಎಳೆದುಕೊಂಡಿತು, ಮೈಯೆಲ್ಲ ಸೆಡೆತು ನಡುಗತೊಡಗಿತು. ನಡುಕ ನಿಂತ ಮೇಲೆ ಡಾಕ್ಟರು, "ಇಲ್ಲಿ ಇನ್ನು ಆಗುವುದಿಲ್ಲ. ಪುಣೆಗೆ ಒಯ್ಯಿರಿ" ಎಂದರು.

ಶಿರೂರಿನಿಂದ ಬರುವ ಹೆದ್ದಾರಿಯಲ್ಲಿ ಪುಣೆ ಮುಟ್ಟುವ ಮುಂಚೆ ಒಂದು ಟ್ರಸ್ಟಿನ ಆಸ್ಪತ್ರೆಯಿದೆ. ಆ್ಯಂಬುಲೆನ್ಸು ಅಲ್ಲಿಗೇ ಹೋಯಿತು. ತುರ್ತು ವಿಭಾಗದಲ್ಲಿ ತಲೆಯ ಸ್ಕ್ಯಾನ್ ತೆಗೆದರು. ಮಿದುಳಿನಲ್ಲಿ ಸ್ವಲ್ಪ ರಕ್ತ ಸೋರಿತ್ತು. ಶಿರೂರಿನ ಚೀಟಿಯ ಮೇಲೆ ಡೆಂಗ್ಯೂ ಎಂದು ಬರೆದದ್ದನ್ನು ಅಲ್ಲಿಯ ಹಿರಿಯ ಡಾಕ್ಟರು ಓದಿ, ಡೆಂಗ್ಯೂವಿನ ರಕ್ತಸ್ರಾವ, ಇನ್ನೂ ಪ್ಲೇಟ್‌ಲೆಟ್ ಏರಿಸಿ ಎಂದು ಹೇಳಿ ಮುಂದಿನ ರೋಗಿಯ ಕಡೆ ನಡೆದರು. ಆಗ ಶಿವಕಾಂತಾಳ ಸಹನೆಯ ಕಟ್ಟೆ ಒಡೆಯಿತು. ಮರಾಠಿ ಮರೆತುಹೋಯಿತು.

"ಯಾವ ಡೆಂಗ್ಯೂರೀ? ಜ್ವರ ಇಲ್ಲ, ಪರೀಕ್ಷೆದಾಗ ಬಂದಿಲ್ಲ, ಬಾಟ್ಲಿ ಏರಿಸಿದಷ್ಟೂ ಹುಡುಗ ಸಾಯಲಾಕತ್ತಾನ! ಒಬ್ಬರರೆ ಅವನ ಮುಖ ನೋಡಿ ಮಾತಾಡ್ಸಿರೇನು? ಕಾಗದ ನೋಡ್ತೀರಿ, ಹೋಗ್ತೀರಿ!"

ಕಾವಲುಗಾರ ಅವಳ ರಟ್ಟೆ ಹಿಡಿದು ಹೊರಗೆ ತಳ್ಳುತ್ತಿದ್ದ. ಪರದೆಯ ಆಚೆಯಿಂದ ಒಬ್ಬ ಯುವತಿ ಬಂದು ಅವನನ್ನು ತಡೆದಳು. ಇಂಪನಾ, ಮಂಡ್ಯದ ಹುಡುಗಿ. ಎಂಬಿಬಿಎಸ್ ಮುಗಿಸಿ ಆ ಆಸ್ಪತ್ರೆಯಲ್ಲಿ ಮೆಡಿಸಿನ್ ಓದುತ್ತ, ಓದಿಗಿಂತ ಹೆಚ್ಚು ದುಡಿಯುತ್ತಿದ್ದ ಕಿರಿಯ ಡಾಕ್ಟರು.

"ಅಮ್ಮಾ, ನಂಗೆ ಕನ್ನಡ ಬರುತ್ತೆ. ಮೊದಲಿಂದ ಹೇಳಿ. ಜ್ವರ ಒಂದು ದಿನಾನೂ ಇರಲಿಲ್ವಾ?"

"ಇರಲಿಲ್ಲ. ಆ ಸೂಜಿ ಹಾಕಿಸಿದ ಮರುದಿನ ಒಂದಿಷ್ಟು ಬಂದಿತ್ತು, ಅಷ್ಟ."

"ಯಾವ ಸೂಜಿ?"

"ಕೊರೊನಾದ್ದು."

ಇಂಪನಾ ತನ್ನ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿದಳು. "ಯಾವಾಗ ಹಾಕಿಸಿದ್ರಿ? ತಲೆನೋವು ಶುರುವಾಗಿದ್ದು ಅದಾದ್ಮೇಲೆ ಎಷ್ಟು ದಿನಕ್ಕೆ?" ಎಂದು ಕೇಳಿದಳು. ಉತ್ತರ ಕೇಳುತ್ತಲೇ ಪ್ಲೇಟ್‌ಲೆಟ್ ಚೀಲ ಹಿಡಿದು ಬರುತ್ತಿದ್ದ ನರ್ಸನ್ನು ನಿಲ್ಲಲು ಹೇಳಿದಳು.

ಅಂಥದೊಂದು ರೋಗವಿದೆಯೆಂದು ಅವಳು ವಿದೇಶದ ವರದಿಗಳಲ್ಲಿ ಓದಿದ್ದಳಂತೆ, ಕಂಡಿರಲಿಲ್ಲ. ಲಕ್ಷಗಟ್ಟಲೆ ಜನರಲ್ಲಿ ಎಲ್ಲೋ ಒಬ್ಬರಿಗೆ, ಕೆಲವು ಬಗೆಯ ಲಸಿಕೆ ಹಾಕಿಸಿಕೊಂಡು ವಾರ, ಎರಡು ವಾರವಾದ ಮೇಲೆ ಬರುವ ಕಾಯಿಲೆ. ಮೈ ತನ್ನದೇ ರಕ್ತದ ಕಣಗಳ ಮೇಲೆ ತಿರುಗಿ ಬೀಳುತ್ತದೆ. ಒಂದು ಕಡೆ ರಕ್ತ ಹೆಪ್ಪುಗಟ್ಟಿ ನಾಳಗಳು ಮುಚ್ಚುತ್ತವೆ, ಆ ಹೆಪ್ಪಿಗೇ ಪ್ಲೇಟ್‌ಲೆಟ್‌ಗಳೆಲ್ಲ ಖರ್ಚಾಗಿ ಇನ್ನೊಂದು ಕಡೆ ರಕ್ತ ಸೋರುತ್ತದೆ. ಪರೀಕ್ಷೆಯ ಕಾಗದದಲ್ಲಿ ಕಾಣುವುದು ಪ್ಲೇಟ್‌ಲೆಟ್ ಕಡಿಮೆ ಎಂಬುದೊಂದೇ. ಡೆಂಗ್ಯೂವಿನ ಊರಿನಲ್ಲಿ ಅದು ಡೆಂಗ್ಯೂ ಆಗಿಬಿಡುತ್ತದೆ. ಅದಕ್ಕೆಂದು ಏರಿಸುವ ಪ್ಲೇಟ್‌ಲೆಟ್ ಹೆಪ್ಪಿಗೆ ಇನ್ನಷ್ಟು ಮೇವು ಹಾಕಿದಂತೆ.

ಅವಳು ಮಿದುಳಿನ ರಕ್ತನಾಳ ಕಾಣುವಂತೆ ಬಣ್ಣದ ಔಷಧಿ ಹಾಕಿ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿದಳು. ಎಂಆರ್‌ಐ ಯಂತ್ರ ಕೆಟ್ಟು ಬಿದ್ದಿತ್ತು, ಇದ್ದದ್ದರಲ್ಲೇ ನೋಡಬೇಕಿತ್ತು. ತಲೆಯ ನಡುವಿನ ದೊಡ್ಡ ನಾಳ ಉದ್ದಕ್ಕೂ ಕಟ್ಟಿಕೊಂಡಿತ್ತು. ಹೆಪ್ಪು ಎಷ್ಟು ಕರಗುತ್ತಿದೆಯೆಂದು ತೋರಿಸುವ ಡಿ-ಡೈಮರ್ ಎಂಬ ರಕ್ತ ಪರೀಕ್ಷೆಯ ಅಂಕಿ ಯಂತ್ರ ಅಳೆಯುವ ಮಿತಿಯನ್ನೇ ದಾಟಿತ್ತು.

ಹಿರಿಯ ಡಾಕ್ಟರು ಹೆಪ್ಪು ನೋಡಿದರು, ಹೆಪಾರಿನ್ ಶುರು ಮಾಡಿ ಎಂದರು. ಹೆಪ್ಪಿಗೆ ಎಲ್ಲರೂ ಮೊದಲು ಕೊಡುವ ಮದ್ದು ಅದು.

"ಸರ್, ಇದರಲ್ಲಿ ಹೆಪಾರಿನ್ ಕೊಡಬಾರದು ಅಂತಾರೆ. ಲಸಿಕೆಯಿಂದ ಬಂದಿರೋದು ಇರಬಹುದು."

"ಖಚಿತ ಮಾಡೋ ಪರೀಕ್ಷೆ ಎಲ್ಲಿದೆ?"

"ನಾನು ಕೇಳಿದ ಯಾವ ಲ್ಯಾಬಿನಲ್ಲೂ ಇಲ್ಲ ಸರ್. ಬೇರೆ ಊರಿಗೆ ಕಳಿಸಬೇಕು. ಫಲಿತಾಂಶ ಬರೋವರೆಗೆ ಕಾದರೆ ಪೇಷೆಂಟ್ ಉಳಿಯಲ್ಲ."

"ಪರೀಕ್ಷೆ ಇಲ್ಲದೆ ಲಸಿಕೆ ಅಂತ ಬರೆದರೆ ನಾಳೆ ಪತ್ರಿಕೆಯವರು ಬಾಗಿಲಲ್ಲಿ ನಿಲ್ಲುತ್ತಾರೆ, ಜನ ಲಸಿಕೆ ಬಿಡುತ್ತಾರೆ. ಗೊತ್ತಲ್ಲ?"

"ಬರೆಯೋದು ಆಮೇಲೆ ಸರ್. ಮೊದಲು ಹೆಪಾರಿನ್ ಬೇಡ ಅಂತಿದ್ದೀನಿ."

ಇಂಗ್ಲಿಷಿನಲ್ಲಿ ನಡೆದ ಈ ಮಾತನ್ನು ಇಂಪನಾ ನನಗೆ ಆಮೇಲೆ ಹೇಳಿದಳು. ಕೊನೆಗೆ ಆ ದೊಡ್ಡವರು, "ಸರಿ, ನಿನ್ನ ಹೊಣೆ" ಎಂದು ಕೈ ತೊಳೆದುಕೊಂಡರಂತೆ. ಸಾಯುತ್ತಿರುವ ಒಬ್ಬನ ಹೊಣೆಯನ್ನು ಕಿರಿಯಳ ತಲೆಗೆ ಕಟ್ಟಿ ನಡೆಯುವುದು ಎಷ್ಟು ಸುಲಭ ನೋಡಿ.

ಇಂಪನಾ ಶಿವಕಾಂತಾಳನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಶಿವಕಾಂತಾಳ ಮುಖ ಬಿಳಿಚಿತು.

"ನಾನ ಒಯ್ದು ಹಾಕಿಸಿದ್ನೆವ್ವಾ. ಒಲ್ಲೆ ಅಂದಿದ್ದ. ರಟ್ಟಿ ಹಿಡಿದು ಒಯ್ದಿದ್ದೆ."

"ನೀವು ಮಾಡಿದ್ದು ತಪ್ಪಲ್ಲಮ್ಮಾ. ಅದು ಉಳಿಸಿರೋ ಜೀವ ಲೆಕ್ಕ ಇಲ್ಲ. ಯಾರಿಗೆ ಹೀಗಾಗುತ್ತೆ ಅಂತ ಮೊದಲೇ ಹೇಳೋಕೆ ಯಾರಿಗೂ ಆಗಲ್ಲ. ಆದ್ರೆ ಬಂದ್ಮೇಲೆ ಗುರುತು ಹಿಡಿಯೋದು ನಮ್ಮ ಕೆಲಸ. ತಪ್ಪಾಗಿರೋದು ಅಲ್ಲಿ."

ಶಿವಕಾಂತಾ ಬೆಂಚಿನಿಂದ ಎದ್ದು, "ಹಂಗಾದ್ರ ಈಗರೆ ಹಿಡೀರಿ" ಎಂದಳು.

ಅವನ ಮೈ ತನ್ನ ಮೇಲೆಯೇ ತಿರುಗಿ ಬೀಳುವುದನ್ನು ತಡೆಯಲು ಬೇಕಾದದ್ದು ಇಮ್ಯೂನೊಗ್ಲಾಬ್ಯುಲಿನ್. ದಾನಿಗಳ ರಕ್ತದಿಂದ ತೆಗೆಯುವ ಔಷಧಿ. ಆಸ್ಪತ್ರೆಯ ದಾಸ್ತಾನಿನಲ್ಲಿ ಅದು ಇರಲಿಲ್ಲ. ಮಕ್ಕಳ ವಾರ್ಡಿನಲ್ಲಿ, ಕೊರೊನಾ ಆದ ಮೇಲೆ ಮೈಯಲ್ಲೆಲ್ಲ ಉರಿಯೂತ ಬರುವ ಮಕ್ಕಳಿಗೆಂದು ಕೆಲವು ಬಾಟಲಿ ಇಟ್ಟಿದ್ದರು. ಇಂಪನಾ ಹೋಗಿ ಬೇಡಿದಳು. ಮಕ್ಕಳ ಡಾಕ್ಟರು, ಬೇರೆ ಕಡೆಯಿಂದ ತರಿಸಿ ತುಂಬಿಕೊಡುವೆನೆಂದು ಅವಳಿಂದ ಮಾತು ತೆಗೆದುಕೊಂಡು ಕೊಟ್ಟರು. ಅದನ್ನು ಏರಿಸುವ ಮೊದಲು, ಖಚಿತಪಡಿಸುವ ಪರೀಕ್ಷೆಗೆಂದು ಅವನ ರಕ್ತ ತೆಗೆದು ಲ್ಯಾಬಿನ ಫ್ರಿಜ್ಜಿನಲ್ಲಿ ಇಡಿಸಿದಳು. ಮೇಲೆ ಸ್ಟಿರಾಯ್ಡ್, ಹೆಪಾರಿನ್ ಅಲ್ಲದ ಬೇರೊಂದು ಹೆಪ್ಪುನಿರೋಧಕ.

ಬಾಟಲಿಗಳು ಮುಗಿದ ಮೇಲೂ ಎರಡು ದಿನ ಅವನು ಕಣ್ಣು ಬಿಡಲಿಲ್ಲ. ಪ್ಲೇಟ್‌ಲೆಟ್ ಮೆಲ್ಲಗೆ ಮೇಲೇರತೊಡಗಿತು. ಒಂದು ಮಧ್ಯಾಹ್ನ ಶಿವಕಾಂತಾ ಅವನ ಹಣೆ ಒರೆಸುತ್ತಿರುವಾಗ ಅವನು ತೊದಲುತ್ತ, "ಅಕ್ಕಾ, ಹಸಿವಾಗ್ಯದ" ಎಂದ. ಅವಳು ಎದ್ದು ವಾರ್ಡಿನ ಹೊರಗೆ ಹೋದಳು, ಗೋಡೆಗೆ ಹಣೆಯಿಟ್ಟು ಅತ್ತಳು. ಗಂಡ ಸತ್ತಾಗ ಅಳದಿದ್ದುದೆಲ್ಲ ಆಗ ಬಂತು.

ಜೀವ ಉಳಿಯಿತು. ಬಲಗೈ ಉಳಿಯಲಿಲ್ಲ. ಬೆರಳು ಮಡಚುತ್ತವೆ, ಆದರೆ ಹಿಡಿತವಿಲ್ಲ. ಎದುರಿಗಿರುವ ವಸ್ತುವಿನ ಹೆಸರೂ ತಟ್ಟನೆ ಬಾಯಿಗೆ ಬಾರದು. ಪ್ಲೇಟ್‌ಲೆಟ್ ಚೀಲ ಏರಿಸುತ್ತ ಕಳೆದ ದಿನಗಳಲ್ಲೇ ಗುರುತಿಸಿದ್ದರೆ ಕೈ ಉಳಿಯುತ್ತಿತ್ತೇ ಎಂದು ನಾನು ಇಂಪನಾಳನ್ನು ಕೇಳಿದೆ. "ಬಹುಶಃ" ಎಂದಳು. ಆ ಒಂದು ಪದ ಕೇಳಿದಾಗ ನನಗೂ ಯಾರನ್ನಾದರೂ ಹಿಡಿದು ಬಾರಿಸಬೇಕೆನಿಸಿತ್ತು.

ಅವನು ಮನೆಗೆ ಬಂದ ವಾರವೇ ಧರ್ಮರಾಜ ಬಂದ. ವಸ್ತಿಯ ಕೂಲಿಯವರನ್ನು ಕಟ್ಟಡದ ಕೆಲಸಗಳಿಗೆ ಒದಗಿಸುವ ಗುತ್ತಿಗೆದಾರ. ಲಸಿಕೆ ಬೇಡ, ಅದರಲ್ಲಿ ವಿಷವಿದೆ ಎಂದು ಮೊದಲಿನಿಂದಲೂ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದವನು. ಬಾಗಿಲಲ್ಲಿ ನಿಂತು ಮೊಬೈಲು ಎತ್ತಿ ಜೈಭೀಮನ ಕೈಯ ವಿಡಿಯೊ ತೆಗೆಯತೊಡಗಿದ.

"ಅಕ್ಕಾರ, ಈಗ ನಿಮ್ಮ ಬಾಯಿಲೆ ನೀವ ಹೇಳ್ರಿ. ಜನ ನಿಮ್ಮ ಮಾತು ನಂಬ್ತಾರ."

"ಏನ್ ಹೇಳಲಿ? ನನ್ನ ಗಂಡ ಯಾಕ ಸತ್ತ ಅಂತ ಹೇಳಲೇನು? ಅವಂಗ ಸೂಜಿ ಸಿಗದ ಸತ್ತ. ಇವನ ಕೈ ಹೋಗಿದ್ದು ಡಾಕ್ಟರು ಕೇಳದ ಹೋಯ್ತು. ಎರಡೂ ಹೇಳ್ತೀನಿ, ತಗಿ ವಿಡಿಯೊ!"

ಅವನು ಮೊಬೈಲು ಇಳಿಸಿದ. ಕೈಯ ಕಥೆ ಮಾತ್ರ ಅವನಿಗೆ ಬೇಕಿತ್ತು, ಅದೂ ಲಸಿಕೆಯ ಮೇಲೆಯೇ ಹೊರಿಸಿ. ಅವಳು ಗಿಲಾವಿನ ಪಟ್ಟಿ ಕೈಗೆ ತೆಗೆದುಕೊಂಡ ಮೇಲೆ ಅವನು ಅಲ್ಲಿ ನಿಲ್ಲಲಿಲ್ಲ.

ಲಸಿಕೆಯ ನಂತರ ಗಂಭೀರ ತೊಂದರೆಯಾದರೆ ವಿಚಾರಣೆ ಮಾಡುವ ಸಮಿತಿಯೊಂದಿದೆ. ಇಂಪನಾ ಅಲ್ಲಿಗೆ ವರದಿ ಕಳಿಸಿದ್ದಳು. ಹಿರಿಯರಿಗೆ ಅದು ಇಷ್ಟವಾಗಲಿಲ್ಲ, ಆದರೂ ಕಳಿಸಿದ್ದಳು. ತಿಂಗಳುಗಳಾದ ಮೇಲೆ ಕರೆ ಬಂತು. ಸರಕಾರಿ ಮರಾಠಿ ಅರ್ಥವಾಗದೆಂದು ಶಿವಕಾಂತಾ ನನ್ನನ್ನೂ ಕರೆದುಕೊಂಡು ಹೋದಳು. ಅಧಿಕಾರಿ ಮೆತ್ತನೆಯ ಮಾತಿನವರು. ಜೈಭೀಮನಿಗೆ ಕುರ್ಚಿ ಕೊಟ್ಟರು, ನೀರು ತರಿಸಿದರು. ಆಮೇಲೆ, ಲಸಿಕೆಯಿಂದಲೇ ಆದದ್ದೆಂದು ಹೇಳಲಾಗದು, ಅಲ್ಲವೆಂದೂ ಹೇಳಲಾಗದು ಎಂದರು. ಖಚಿತಪಡಿಸುವ ಪರೀಕ್ಷೆಯ ಫಲಿತಾಂಶ ಇಲ್ಲವಲ್ಲ.

"ರಕ್ತ ತೆಗೆದಿಟ್ಟಿದ್ದರಲ್ಲ?" ಎಂದೆ ನಾನು.

ಅವರು ಕಡತ ತಿರುವಿ ಹಾಕುತ್ತ ವಿವರಿಸಿದರು. ಇಲಾಖೆಯಿಂದ ಯಾರಾದರೂ ಬಂದು ಮಾದರಿ ಒಯ್ಯಬೇಕಿತ್ತು. ಯಾವ ಕಚೇರಿಯವರು ಒಯ್ಯಬೇಕೆಂಬುದು ಇತ್ಯರ್ಥವಾಗುವುದರೊಳಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಫ್ರಿಜ್ಜು ಖಾಲಿ ಮಾಡುವಾಗ ಅದನ್ನು ಚೆಲ್ಲಿಬಿಟ್ಟಿದ್ದರು.

ನಾನು ಇದನ್ನು ಕನ್ನಡದಲ್ಲಿ ಹೇಳಿದೆ. ಶಿವಕಾಂತಾ ನಿಧಾನವಾಗಿ ಎದ್ದಳು. ಈ ಸಲ ಕೂಗಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಸಾಹೇಬ್ರಿಗೆ ಹೇಳ್ರಿ ಕಾಕಾ. ರಕ್ತ ಚೆಲ್ಲಿದವ್ರೂ ನೀವ, ಪುರಾವೆ ಕೇಳವ್ರೂ ನೀವ. ಇವನ ತಲ್ಯಾಗ ಹೆಪ್ಪುಗಟ್ಟಿದ್ದು ರಕ್ತ ಅಲ್ಲೇನು? ಫೋಟೋದಾಗ ಕಾಣ್ಲಿಲ್ಲೇನು? ಲಸಿಕೆ ಹಾಕಲಾಕ ಓಣಿ ಓಣಿಗೆ ಬಂದಿರಿ, ಭಾಳ ಚಲೋ ಮಾಡಿದ್ರಿ, ನಾನೂ ನಿಮ್ಮ ಸಂಗಾಟ ಬಾಗಲ ಬಡದೀನಿ. ಒಂದ್ ಶೀಶೆ ರಕ್ತ ಒಯ್ಯಲಾಕ ನಿಮ್ಮ ಗಾಡಿಗೆ ದಾರಿ ಸಿಗಲಿಲ್ಲೇನು?"

ನಾನು ಒಂದು ಮಾತನ್ನೂ ಬಿಡದೆ ಮರಾಠಿಯಲ್ಲಿ ಹೇಳಿದೆ. ಬೇಕೆಂದೇ ಗಟ್ಟಿಯಾಗಿ ಹೇಳಿದೆ. ತೀರ್ಮಾನ ಬದಲಾಗಲಿಲ್ಲ.

ಅಲ್ಲಿಂದ ಅವಳು ನೇರ ಶಿರೂರಿಗೆ ಹೋದಳು, ಆ ನರ್ಸಿಂಗ್ ಹೋಮಿನ ಡಾಕ್ಟರ ಮುಂದೆ ತಮ್ಮನನ್ನು ನಿಲ್ಲಿಸಿದಳು. ಡಾಕ್ಟರು ಮೊದಲು ವಾದಿಸಿದರು. ತನ್ನ ಹತ್ತಿರ ರಕ್ತಕಣ ಎಣಿಸುವ ಒಂದು ಯಂತ್ರ ಬಿಟ್ಟರೆ ಏನಿತ್ತು, ಮಂಚಕ್ಕಿಬ್ಬರು ರೋಗಿಗಳಿದ್ದರು, ಇಂಥದೊಂದು ಕಾಯಿಲೆಯ ಬಗ್ಗೆ ತನಗೆ ಯಾರೂ ಹೇಳಿರಲಿಲ್ಲ ಎಂದರು. ಎಲ್ಲವೂ ನಿಜವೇ ಇರಬೇಕು. ಆಮೇಲೆ ಜೈಭೀಮನ ಬಲಗೈಯನ್ನು ಹಿಡಿದು ಬೆರಳು ಮಡಚಿಸಿ ನೋಡಿದರು. "ಡೆಂಗ್ಯೂ ಇಲ್ಲ ಅಂತ ಬಂದಾಗ ನಾನು ಮತ್ತೊಮ್ಮೆ ಕೇಳಬೇಕಿತ್ತು. ಕೇಳಲಿಲ್ಲ" ಎಂದರು. ಇಷ್ಟು ಜನರಲ್ಲಿ ತಪ್ಪಾಯಿತೆಂದು ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ. ಶಿವಕಾಂತಾ ಕ್ಷಮಿಸಲಿಲ್ಲ. "ಇನ್ ಮ್ಯಾಲರೆ ಕೇಳ್ರಿ" ಎಂದು ಹೇಳಿ ಬಂದಳು. ಇಂಪನಾ ಆಮೇಲೆ ಅವರಿಗೆ ಫೋನು ಮಾಡಿ ಅರ್ಧ ಗಂಟೆ ಮಾತಾಡಿದಳಂತೆ.

ಆ ಚಳಿಗಾಲದಲ್ಲಿ ಶಿವಕಾಂತಾಳ ಎರಡನೇ ಡೋಸಿನ ಸರದಿ ಬಂತು. ಹಾಕಿಸಿಕೊಳ್ಳಬಹುದೇ ಎಂದು ಇಂಪನಾಳನ್ನು ಕೇಳಿ, ಹೌದೆಂದ ಮೇಲೆ ಅದೇ ಪಾಲಿಕೆಯ ಶಾಲೆಗೆ ಹೋದಳು. ಸಾಲಿನಲ್ಲಿ ವಸ್ತಿಯವರೇ ಹೆಚ್ಚು. ನರ್ಸು ಎಂದಿನಂತೆ ಜ್ವರದ ಮಾತ್ರೆ ಕೊಟ್ಟು ಕಳಿಸುತ್ತಿದ್ದರು. ಶಿವಕಾಂತಾ ಸಾಲಿನತ್ತ ತಿರುಗಿ ಗಟ್ಟಿಯಾಗಿ ಹೇಳತೊಡಗಿದಳು:

"ಕೇಳ್ರಿ ಎಲ್ಲಾರೂ. ಮರುದಿನ ಮೈ ಬಿಸಿ ಆದ್ರ ಹೆದರಬ್ಯಾಡ್ರಿ. ವಾರ ಆದ ಮ್ಯಾಲ ಬಿಡಲಾರದಂಥ ತಲಿಶೂಲಿ ಬಂದ್ರ, ಕಣ್ಣು ಮಂಜಾದ್ರ, ಕಾಲು ಬಾತ್ರ, ಮನ್ಯಾಗ ಕೂಡಬ್ಯಾಡ್ರಿ. ದೊಡ್ಡ ದವಾಖಾನಿಗೆ ಹೋಗಿ, ಲಸಿಕೆ ಹಾಕಿಸೀನಿ ಅಂತ ಮೊದಲ ಹೇಳ್ರಿ. ಅವರು ಕೇಳಲಿಲ್ಲಂದ್ರ ಎರಡು ಸಲ ಹೇಳ್ರಿ!"

ನರ್ಸು ಗಾಬರಿಯಾಗಿ, ಹೀಗೆಲ್ಲ ಹೇಳಿದರೆ ಜನ ಓಡುತ್ತಾರೆ ಎಂದರು. ನಿಜವಾಗಿಯೂ ಇಬ್ಬರು ಸಾಲು ಬಿಟ್ಟು ಗೇಟಿನ ಕಡೆ ನಡೆದರು. ಶಿವಕಾಂತಾ ಗೇಟಿಗೆ ಅಡ್ಡ ನಿಂತಳು.

"ಎಲ್ಲಿಗೆ? ನಾನೂ ಹಾಕಿಸ್ಕೊಳ್ಳಾಕ ಬಂದೀನಿ. ಕಣ್ಣಿಗೆ ಕಾಣವಲ್ದೇನು? ನಡೀರಿ ಒಳಗ!"

ಅವರು ವಾಪಸು ಹೋದರು. ಹೆದರಿ ಹೋದರೋ ನಂಬಿ ಹೋದರೋ ನನಗೆ ಗೊತ್ತಿಲ್ಲ.

ಜೈಭೀಮ ಈಗ ಅದೇ ಕಾರ್ಖಾನೆಯಲ್ಲಿ, ಲೇಥ್ ಬಿಟ್ಟು, ತಯಾರಾದ ಮಾಲು ಪರೀಕ್ಷಿಸುವ ಮೇಜಿನಲ್ಲಿದ್ದಾನೆ. ಎಡಗೈಯಲ್ಲಿ ಸಹಿ ಮಾಡುವುದನ್ನು ಕಲಿತಿದ್ದಾನೆ. ಇಂಪನಾ ಓದು ಮುಗಿಸಿ ಇಂದಾಪುರದ ಹತ್ತಿರ ಕೆಲಸಕ್ಕಿದ್ದಾಳೆ. ಡೆಂಗ್ಯೂ ಕಾಲ ಬಂದರೆ, ರೋಗಿಗಳನ್ನು ಎರಡು ಸಲ ಕೇಳಿ ನೋಡೆಂದು ಶಿವಕಾಂತಾಳಿಂದ ಅವಳಿಗೆ ಫೋನು ಹೋಗುತ್ತದೆ.

ಕಳೆದ ತಿಂಗಳು ಬಜಾರಿನಲ್ಲಿ ಶಿವಕಾಂತಾ ಸಿಕ್ಕಿದ್ದಳು. ಸಿಮೆಂಟಿನ ಅಂಗಡಿಯವನು ಹಳೆಯ ಚೀಲ ಕೊಟ್ಟನೆಂದು ಜಗಳ ಮುಗಿಸಿ ಬರುತ್ತಿದ್ದಳು. "ಇನ್ನಾದರೂ ಸಿಟ್ಟು ಇಳಿಸಮ್ಮಾ, ಆರೋಗ್ಯ ಕೆಡುತ್ತದೆ" ಎಂದೆ.

"ಯಾಕ ಇಳಿಸಬೇಕ್ರಿ ಕಾಕಾ?" ಎಂದು ಕೇಳಿದಳು.